ನಾಲ್ಕೇ ತಂತಿಯಲ್ಲಿ ಕೆಳಗಿನ ಬಿ: ಐದು ತಂತಿಯ ಬೇಸ್ ಕೊಳ್ಳದೆ ನಾನು ಮಾಡಿಕೊಂಡದ್ದು

ಮಾಮೂಲಿ ನಾಲ್ಕು ತಂತಿಯ (ಇ-ಎ-ಡಿ-ಜಿ) ಬೇಸ್ ಗಿಟಾರ್‌ನಿಂದ ತೆಳುವಾದ ಜಿ ತಂತಿ ಕಿತ್ತು, ಉಳಿದ ಮೂರನ್ನೂ ತೆಳು ತಂತಿಯ ಕಡೆಗೆ ಒಂದೊಂದು ಜಾಗ ಸರಿಸಿ, ಖಾಲಿಯಾದ ಕಡೆ ಒಂದು ದಪ್ಪ ಬಿ ಹಾಕಿಕೊಂಡೆ. ಬಿ-ಇ-ಎ-ಡಿ. ಐದು ತಂತಿಯ ಬೇಸ್‌ನಲ್ಲಿ ಹೆಚ್ಚಿಗೆ ಇರುವುದು ಈ ಬಿಯೇ. ಯೋಚನೆ ನನ್ನದೇನಲ್ಲ, ಬೇಕಾದಷ್ಟು ಜನ ಮಾಡಿದ್ದಾರೆ. ಆದರೆ ನನಗೆ ಗೊತ್ತಿರುವ ಮಟ್ಟಿಗೆ ಅವರಲ್ಲಿ ಹೆಚ್ಚಿನವರು ಒಂದೆರಡು ತಿಂಗಳಲ್ಲೇ ಹಳೇ ಟ್ಯೂನಿಂಗ್‌ಗೆ ವಾಪಸಾಗಿದ್ದಾರೆ, "ಬಿ ಬರೀ ಗುರುಗುಟ್ಟುತ್ತೆ, ಸ್ವರ ಯಾವುದು ಅಂತಾನೇ ತಿಳಿಯಲ್ಲ" ಅಂತ. ನನ್ನದು ವರ್ಷಗಳಿಂದ ಹೀಗೇ ಇದೆ. ರೆಕಾರ್ಡಿಂಗ್ ಕೇಳಿದವರು "ಯಾವ ಐದು ತಂತಿಯದ್ದು?" ಅಂತ ಕೇಳುತ್ತಾರೆ. ಹೇಳಿದರೆ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಐದು ತಂತಿಯದ್ದೇ ಯಾಕೆ ಕೊಳ್ಳಲಿಲ್ಲ? ಮೊದಲ ಕಾರಣ ದುಡ್ಡು. ಬಿ ನಿಜವಾಗಿ ಚೆನ್ನಾಗಿ ನುಡಿಯುವ ಬೇಸ್‌ನ ಬೆಲೆ ನನ್ನದಕ್ಕಿಂತ ಮೂರು ಪಟ್ಟು ಇತ್ತು. ಅಗ್ಗದವೂ ಸಿಗುತ್ತಿದ್ದವು, ಆದರೆ ನುಡಿಸಿ ನೋಡಿದವುಗಳಲ್ಲಿ ಬಿ ಇದ್ದದ್ದು ಲೆಕ್ಕಕ್ಕೆ ಮಾತ್ರ. ಎರಡನೆಯದು ಕತ್ತಿನ ಅಗಲ. ಗೆಳೆಯರೊಬ್ಬರ ಐದು ತಂತಿಯದ್ದನ್ನು ಎರವಲು ತಂದು ಕೆಲವು ವಾರ ನುಡಿಸಿದೆ. ಆಮೇಲೆ ನನ್ನದೇ ರೆಕಾರ್ಡಿಂಗ್‌ಗಳನ್ನು ಮತ್ತೆ ಹಾಕಿ ಕೇಳಿದಾಗ ಒಂದು ವಿಷಯ ಹೊಳೆಯಿತು: ಜಿ ತಂತಿಯ ಮೇಲೆ ಏಳನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿ ನಾನು ಹೋಗಿದ್ದೇ ಅಪರೂಪ, ಹೋದಾಗಲೆಲ್ಲ ಯಾರಿಗೂ ಬೇಡದ ಫಿಲ್ (ಸಂದು ತುಂಬುವ ಅಲಂಕಾರ). ಬೇಕಾಗಿದ್ದದ್ದು ಕೆಳಗಿನ ಡಿ, ಸಿ, ಅಪರೂಪಕ್ಕೆ ಬಿ. ಹಾಗಿದ್ದ ಮೇಲೆ ಐದನೆಯದು ಯಾಕೆ?

ಡ್ರಮ್ಮರ್ ಮೊದಲ ದಿನವೇ ಹೇಳಿಬಿಟ್ಟ, "ಬಟ್ಟೆ ಒಣಹಾಕೋ ಹಗ್ಗ ಕಟ್ಕೊಂಡಂಗಿರುತ್ತೆ ಕಣೋ, ಸುಮ್ನೆ ಐದರದ್ದು ತಗೋ." ರಿಪೇರಿಯವರೊಬ್ಬರು ಇನ್ನೂ ಖಡಾಖಂಡಿತ: "34 ಇಂಚಿನ ಸ್ಕೇಲಲ್ಲಿ ಬಿ ಬರಲ್ಲ ಸರ್, 35 ಬೇಕೇ ಬೇಕು."

ಸ್ಕೇಲ್ ಅಂದರೆ ತಂತಿಯ ನುಡಿಯುವ ಉದ್ದ. ಈ 35 ಇಂಚಿನ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದೇ ತಂತಿ, ಒಂದೇ ಸ್ವರ, 34ರಿಂದ 35 ಇಂಚಿಗೆ ಹೋದರೆ ಎಳೆತ ಹೆಚ್ಚುವುದು ಸುಮಾರು 6 ಶೇಕಡಾ. 34 ಇಂಚಲ್ಲೇ 130ರ (ದಪ್ಪ, ಇಂಚಿನ ಸಾವಿರ ಭಾಗಗಳ ಲೆಕ್ಕದಲ್ಲಿ) ಬದಲು 134, 135ರ ತಂತಿ ಹಾಕಿದರೂ ಅಷ್ಟೇ ಎಳೆತ ಸಿಗುತ್ತದೆ. ದಪ್ಪ ಹೆಚ್ಚಿದರೆ ತಂತಿ ಬಿರುಸಾಗಿ ಮೇಲಿನ ಹಾರ್ಮೋನಿಕ್‌ಗಳು (ತಳದ ಸ್ವರದ ಜೊತೆ ನುಡಿಯುವ ಮೇಲಿನ ಸ್ವರಗಳು) ಸ್ವಲ್ಪ ಏರಿಬಿಡುತ್ತವೆ, ಅಲ್ಲಿ ಉದ್ದ ಸ್ಕೇಲಿಗೆ ಅನುಕೂಲ ಇದ್ದೇ ಇದೆ, ಒಪ್ಪುತ್ತೇನೆ. ಆದರೆ "ಬರಲ್ಲ" ಅನ್ನುವುದಕ್ಕೂ "ಸ್ವಲ್ಪ ಕಮ್ಮಿ ಬರುತ್ತೆ" ಅನ್ನುವುದಕ್ಕೂ ವ್ಯತ್ಯಾಸವಿಲ್ಲವೇ?

ಇದಕ್ಕೂ ಮುಂಚೆ ಅಗ್ಗದ ದಾರಿಗಳನ್ನೆಲ್ಲ ನೋಡಿಯಾಗಿತ್ತು. ಇದ್ದ 105ರ ಇ ತಂತಿಯನ್ನೇ ಬಿಗೆ ಇಳಿಸಿದರೆ ಎಳೆತ ಮೊದಲಿದ್ದದ್ದರ 56 ಶೇಕಡಕ್ಕೆ ಬೀಳುತ್ತದೆ. ಡ್ರಮ್ಮರ್ ಹೇಳಿದ ಹಗ್ಗ ಅದೇ. ಆಕ್ಟೇವ್ ಪೆಡಲ್ (ನುಡಿಸಿದ ಸ್ವರವನ್ನು ಒಂದು ಸ್ಥಾಯಿ ಕೆಳಗೆ ನುಡಿಸುವ ಪೆಟ್ಟಿಗೆ) ಮೇಲೆ ಖರ್ಚು ಮಾಡಿದ್ದು ಪೂರ್ತಿ ದಂಡ. ಮೇಲಿನ ಸ್ವರಗಳಲ್ಲಿ ಸೊಗಸು, ಕೆಳಗಿನ ಎ ದಾಟಿ ಇಳಿದರೆ ತೊದಲುತ್ತದೆ. ನನಗೆ ಬೇಕಿದ್ದದ್ದು ಅಲ್ಲೇ. ಅರ್ಧ ಬೆಲೆಗೆ ಮಾರಿದೆ. ಹಿಪ್‌ಶಾಟ್ ಎಕ್ಸ್‌ಟೆಂಡರ್ ತರಹದ ಲಿವರ್ ಇರುವ ಟ್ಯೂನಿಂಗ್ ಕೀ ಒಳ್ಳೆಯ ಸಾಮಾನು, ಒಂದು ತಳ್ಳಿಗೆ ಇ ಡಿಗೆ ಇಳಿಯುತ್ತದೆ. ಆದರೆ ಡಿಗೆ ಹೊಂದಿಸಿಟ್ಟರೆ ಡಿಯಲ್ಲೇ ನಿಲ್ಲುತ್ತದೆ, ನಡುವೆ ಸಿ ಬೇಕೆಂದರೆ ಇಲ್ಲ.

ಕೊನೆಗೆ ಐದು ತಂತಿಯ ಸೆಟ್ ತಂದೆ: 130, 105, 85, 65, 45. ಆ 45ರ ಜಿ ತೆಗೆದಿಟ್ಟೆ. ಬಿ-ಇ-ಎ-ಡಿ ಅಂತಲೇ ನಾಲ್ಕರ ಸೆಟ್ ಕೂಡ ಬರುತ್ತದೆ, ಸಿಕ್ಕರೆ ಅದೇ ಲಾಭ. ಒಟ್ಟು ಎಳೆತ ಹಳೇ ಸೆಟ್ಟಿಗಿಂತ ಚೂರು ಕಡಿಮೆಯೇ ಆಗುತ್ತದೆ, ಯಾಕೆಂದರೆ ಬಿಯ ಎಳೆತ ಜಿಗಿಂತ ಕಡಿಮೆ. "ಕತ್ತು ಬಾಗಿಹೋಗುತ್ತೆ" ಅಂತ ಹೆದರಿಸುವವರಿಗೆ ಕಿವಿಗೊಡಬೇಡಿ. ನಾನು ಟ್ರಸ್ ರಾಡ್ (ಕತ್ತಿನ ಬಾಗು ಸರಿಪಡಿಸುವ ಒಳಗಿನ ಸರಳು) ಸ್ವಲ್ಪ ಸಡಿಲಿಸಬೇಕಾಯಿತು, ಅಷ್ಟೇ.

ನಿಜವಾದ ಕೆಲಸ ಇರುವುದು ನಟ್‌ನಲ್ಲಿ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಲ್ಲಿ. ವಾಪಸಾದವರಲ್ಲಿ ಮುಕ್ಕಾಲು ಜನ ಸೋತದ್ದು ಇಲ್ಲಿಯೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 105ಕ್ಕೆ ಕೊರೆದ ಗಾಡಿಯಲ್ಲಿ (ತಂತಿ ಕೂರುವ ಕೊರಕಲು) 130 ಕೂರುವುದಿಲ್ಲ, ಮೇಲೆ ತೇಲುತ್ತದೆ. ಮೊದಲ ಸಲ ಇದನ್ನು ರಿಪೇರಿಗೆ ಕೊಟ್ಟೆ. ನಾಲ್ಕೂ ಗಾಡಿ ಅಗಲವಾಗಿ ಬಂದವು, ಆದರೆ ತಳ ಸಪಾಟು, ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಗಳಿರುವ ತುದಿ) ಕಡೆಗೆ ಇಳಿಜಾರೇ ಇಲ್ಲ. ತೆರೆದ (ಫ್ರೆಟ್ ಒತ್ತದ) ಬಿ ಮೀಟಿದರೆ ತಂಬೂರಿಯ ಜೀವಾಳದ ಹಾಗೆ ಝೇಂಕಾರ. ಕೊಟ್ಟ ಮಜೂರಿಯಲ್ಲಿ ಇನ್ನೊಂದು ಸೆಟ್ ತಂತಿ ಬರುತ್ತಿತ್ತು.

ಹೊಸ ನಟ್ ಹಾಕಿ ಎರಡನೇ ಸಲ ನಾನೇ ಕೂತೆ. ಅಳತೆಯ ನಟ್ ಫೈಲ್‌ಗಳ ಸೆಟ್ ಕೊಳ್ಳುವ ಮನಸ್ಸಾಗಲಿಲ್ಲ, ಒಂದು ಬೇಸ್‌ಗಾಗಿ ಅಷ್ಟು ಯಾರು ಸುರಿಯುತ್ತಾರೆ? ಹಳೆಯ 105ರ ತಂತಿಯ ತುಂಡಿಗೆ 400ರ ಮರಳು ಕಾಗದ ಒಂದು ಸುತ್ತು ಸುತ್ತಿದರೆ ಹೆಚ್ಚೂಕಡಿಮೆ ಬಿಯ ದಪ್ಪ ಬರುತ್ತದೆ. 85ಕ್ಕೆ ಸುತ್ತಿದರೆ ಇಯ ಗಾಡಿ. ಹೀಗೇ ಮುಂದಕ್ಕೆ. ಕೈಯನ್ನು ಹೆಡ್‌ಸ್ಟಾಕ್ ಕಡೆಗೆ ತಗ್ಗಿಸಿ, ಒಂದೇ ದಿಕ್ಕಿಗೆ, ನಾಲ್ಕು ಸಲ ಉಜ್ಜಿ ತಂತಿ ಕೂರಿಸಿ ನೋಡುವುದು, ಮತ್ತೆ ಉಜ್ಜುವುದು. ಅರ್ಧ ತಂತಿ ಒಳಗೆ, ಅರ್ಧ ಹೊರಗೆ ಇದ್ದರೆ ಸಾಕು. ಮೂರನೇ ಫ್ರೆಟ್‌ನಲ್ಲಿ ಒತ್ತಿ ಮೊದಲ ಫ್ರೆಟ್ ಮೇಲೆ ಬೆರಳಿಂದ ತಟ್ಟಿ: ಟಿಕ್ ಅಂತ ಸಣ್ಣ ಸದ್ದು ಬರಬೇಕು. ಬರಲಿಲ್ಲ ಎಂದರೆ ಜಾಸ್ತಿ ಕೊರೆದಿದ್ದೀರಿ. ಆಗ ಅಡುಗೆ ಸೋಡ ತುಂಬಿ ಮೇಲೆ ಸೂಪರ್ ಗ್ಲೂ ಒಂದು ಹನಿ, ಕ್ಷಣದಲ್ಲಿ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು.

ಬಿ ತಂತಿಯನ್ನು ಟ್ಯೂನಿಂಗ್ ಕೀಗೆ ಹಾಕುವಾಗ ಅವಸರ ಬೇಡ. ಕತ್ತರಿಸುವ ಮುಂಚೆಯೇ ಇಕ್ಕಳದಿಂದ ಲಂಬವಾಗಿ ಮಡಚಿ, ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಹೊರಸುತ್ತು ಒಳಗಿನ ಕೋರ್ ಮೇಲೆ ಜಾರಿ, ಹೊಸ ತಂತಿಯೇ ಸತ್ತ ತಂತಿಯ ಹಾಗೆ ನುಡಿಯುತ್ತದೆ. ಹಾಕಿದ ಮೇಲೆ ನಟ್ ಮುಂದೆಯೂ ಸ್ಯಾಡಲ್ (ಇನ್ನೊಂದು ತುದಿಯ ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಂಡು) ಮುಂದೆಯೂ ಹೆಬ್ಬೆರಳಿಂದ ಒತ್ತಿ ಬಾಗು ಕೊಡಬೇಕು. ಹಾಕುವ ಮುಂಚೆ ತಂತಿಗೆ ನಾನು ಮಾಡುವ ಇನ್ನೊಂದು ಕೆಲಸವಿದೆ, ಅರ್ಧ ಗುಟ್ಟು ಅದರಲ್ಲೇ ಇದೆ. ಅದು ನನ್ನ ಹತ್ತಿರವೇ ಇರಲಿ.

ಬ್ರಿಡ್ಜ್‌ನಲ್ಲಿ ಬಿಯ ಸ್ಯಾಡಲ್ ತುಂಬಾ ಹಿಂದಕ್ಕೆ ಹೋಗಬೇಕು. ಹಳೇ ಶೈಲಿಯ ಬಗ್ಗಿಸಿದ ತಗಡಿನ ಬ್ರಿಡ್ಜ್ ಆದರೆ ಸ್ಪ್ರಿಂಗ್ ಪೂರ್ತಿ ಅಮುಕಿ ನಿಂತುಬಿಡುತ್ತದೆ, ಆದರೂ ಸ್ವರ ಏರಿಯೇ ಇರುತ್ತದೆ. ಸ್ಪ್ರಿಂಗ್ ಅರ್ಧಕ್ಕೆ ಕತ್ತರಿಸಿ, ಜಾಗ ಸಿಗುತ್ತದೆ. ಕೆಳಗಿನ ಬಿ ಅಂದರೆ 31 ಹರ್ಟ್ಜ್, ಕೆಲವು ಟ್ಯೂನರ್‌ಗಳಿಗೆ ಅದು ಸಿಗುವುದೇ ಇಲ್ಲ, ಮುಳ್ಳು ಎಲ್ಲೆಲ್ಲೋ ಓಡುತ್ತದೆ. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ ಹಿಡಿದು 62ರಲ್ಲಿ ಶ್ರುತಿ ಮಾಡುವುದೇ ವಾಸಿ. ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಬಿ ಬದಿಯನ್ನು ಧಾರಾಳವಾಗಿ ಇಳಿಸಿದೆ, ಕೊನೆಯ ಫ್ರೆಟ್ ಒತ್ತಿದಾಗ ಸುಮಾರು 4 ಮಿ.ಮೀ. ದೂರ. ಹತ್ತಿರವಿದ್ದರೆ ಅಯಸ್ಕಾಂತ ಆ ದಪ್ಪ ತಂತಿಯನ್ನು ಎಳೆದು ಸ್ವರವನ್ನೇ ಅಲುಗಿಸುತ್ತದೆ. ಹನ್ನೆರಡನೇ ಫ್ರೆಟ್ ಮೇಲೆ ಬಿಯ ಎತ್ತರ 2.8 ಮಿ.ಮೀ. ಹತ್ತಿರ ಇರಬಹುದು. ಅಳತೆ ಬರೆದಿಟ್ಟಿಲ್ಲ, ಕೈಗೆ ಹಿತವಾದಲ್ಲಿ ನಿಲ್ಲಿಸಿದೆ.

ನುಡಿಸುವ ಕೈಯದ್ದು ಬೇರೆಯೇ ಕಥೆ. ಮೊದಲ ಕೆಲವು ವಾರ ಬೆರಳು ತಾನಾಗಿ ಹಳೇ ಜಾಗಕ್ಕೆ ಹೋಗಿ ಇ ಬದಲು ಬಿ ಬರುತ್ತದೆ, ಇಡೀ ಬ್ಯಾಂಡ್ ತಿರುಗಿ ನೋಡುತ್ತದೆ. ಇದಕ್ಕೆ ಉಪಾಯ: ಐದನೇ ಫ್ರೆಟ್ಟನ್ನೇ ನಟ್ ಅಂದುಕೊಳ್ಳಿ. ಬಿ ತಂತಿಯ ಐದನೇ ಫ್ರೆಟ್‌ನಲ್ಲಿ ಇ ಇದೆ, ಅಲ್ಲಿಂದ ಮುಂದೆ ನಿಮ್ಮ ಹಳೇ ಬೆರಳಾಟವೆಲ್ಲ ಹಾಗ್ಹಾಗೇ ನಡೆಯುತ್ತದೆ. ತೆರೆದ ತಂತಿ ಸಿಗುವುದಿಲ್ಲ ನಿಜ, ಆದರೆ 34 ಇಂಚಿನ ಬೇಸ್‌ನಲ್ಲಿ ಮೊದಲ ಫ್ರೆಟ್‌ನ ಅಗಲ 48 ಮಿ.ಮೀ. ಮೇಲಿದ್ದರೆ ಐದರಿಂದ ಆರಕ್ಕೆ ಬರೀ 36. ಎಡಗೈ ಹಿಗ್ಗಿಸುವ ಕಷ್ಟವೇ ಹೋಯಿತು. ಕೆಳಗಿನ ಐದು ಮನೆ ಬೇಕಾದಾಗ ಮಾತ್ರ ಇಳಿಯುವುದು. ಬಿಯನ್ನು ಬ್ರಿಡ್ಜ್ ಕಡೆಗೆ ಸರಿದು, ಮೆಲ್ಲಗೆ ಮೀಟಬೇಕು. ಕಸುವು ಹಾಕಿ ಎಳೆಯುವವರಿಗೆ ಈ ಪದ್ಧತಿ ಆಗಿಬರುವುದಿಲ್ಲ.

ಆಂಪ್ (ಆಂಪ್ಲಿಫೈಯರ್) ವಿಷಯದಲ್ಲಿ ನಾನು ಹೇಳುವುದನ್ನು ಈಗಲೂ ಅನೇಕರು ಒಪ್ಪುವುದಿಲ್ಲ. ಬಿ ಹಾಕಿದವರು ಮೊದಲು ಮಾಡುವ ಕೆಲಸ ಬೇಸ್ ಗುಂಡಿ ಏರಿಸುವುದು. ನಾನು ಉಲ್ಟಾ, 35ರಿಂದ 40 ಹರ್ಟ್ಜ್ ಕೆಳಗಿನದ್ದನ್ನು ಹೈಪಾಸ್ ಫಿಲ್ಟರ್ ಹಾಕಿ ಕತ್ತರಿಸುತ್ತೇನೆ. ನಾವು ಹೊತ್ತು ತಿರುಗುವ ಸ್ಪೀಕರ್ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಿನವು 50 ಹರ್ಟ್ಜ್‌ನಿಂದಲೇ ಇಳಿಯತೊಡಗಿರುತ್ತವೆ. 31 ಅವುಗಳಿಂದ ಹೊರಗೆ ಬರುವುದೇ ಇಲ್ಲ, ಸ್ಪೀಕರ್ ಕೋನ್ ಸುಮ್ಮನೆ ಮುಂದಕ್ಕೂ ಹಿಂದಕ್ಕೂ ಒದ್ದಾಡುತ್ತದೆ, ಆಂಪ್‌ನ ಶಕ್ತಿ ಅಲ್ಲಿ ಸೋರಿಹೋಗುತ್ತದೆ. ನಾವು ಬಿ ಅಂತ ಕೇಳುವುದು 62, 93 ಹರ್ಟ್ಜ್‌ನ ಹಾರ್ಮೋನಿಕ್‌ಗಳನ್ನು. ತಳದ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಫಿಲ್ಟರ್ ಹಾಕಿದ ದಿನ ಡ್ರಮ್ಮರ್ "ಇವತ್ತು ಯಾವ ಕ್ಯಾಬಿನೆಟ್ ತಂದೆ?" ಅಂದ. ಅದೇ ಹಳೇದು. ಅದಕ್ಕೂ ಹಿಂದೆ ಇಮ್ಮಡಿ ವ್ಯಾಟಿನ ಆಂಪ್ ಕೊಳ್ಳಲು ದುಡ್ಡು ಕೂಡಿಡುತ್ತಿದ್ದೆ. ವ್ಯಾಟ್ ಇಮ್ಮಡಿಯಾದರೆ ಸಿಗುವುದು ಬರೀ 3 ಡೆಸಿಬೆಲ್, ಆ ದುಡ್ಡು ಉಳಿಯಿತು.

ನಡುವೆ ಬೇರೆ ಆಟಗಳನ್ನೂ ಆಡಿದೆ. ಜಾಝ್‌ನ ಡಬಲ್ ಬೇಸ್ ವಾದಕ ರೆಡ್ ಮಿಚೆಲ್ 1966ರಿಂದ ತಂತಿಗಳನ್ನು ಪಂಚಮದ ಅಂತರದಲ್ಲಿ, ಸಿ-ಜಿ-ಡಿ-ಎ ಎಂದು ಶ್ರುತಿ ಮಾಡಿಕೊಳ್ಳುತ್ತಿದ್ದರು. ಬಿ ಹಾಕಿದ್ದೇ ಆಗಿದೆ, ಅರ್ಧ ಸ್ವರ ಏರಿಸಿದರೆ ಸಿ, ನೋಡೇಬಿಡೋಣ ಅಂತ ಉಳಿದ ತಂತಿಗಳನ್ನೂ ಹುಡುಕಿ ಹಾಕಿದೆ. ದೂರ ದೂರದ ಸ್ವರಗಳನ್ನು ಜೊತೆಗೆ ನುಡಿಸಿದರೆ ಎಂಥ ಚಂದ! ಆದರೆ ಒಂದು ಸಾದಾ ಸ್ವರಶ್ರೇಣಿ ನುಡಿಸಲು ಕೈ ಅಡ್ಡಾದಿಡ್ಡಿ ಓಡಬೇಕು, ವೇಗದ ಹಾಡಲ್ಲಿ ಆಗದ ಮಾತು. ಬಿಟ್ಟೆ. ಸ್ಪಾಂಜ್ ಮಾತ್ರ ಉಳಿಸಿಕೊಂಡೆ. ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬೇಸ್‌ನಲ್ಲಿ ಬ್ರಿಡ್ಜ್ ಮುಚ್ಚಳದ ಕೆಳಗೆ ಸ್ಪಾಂಜ್ ಇತ್ತು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ನಾನು ಬಿಯ ಕೆಳಗೆ ಮಾತ್ರ, ಕಿರುಬೆರಳಗಲದ ತುಂಡು ತುರುಕುತ್ತೇನೆ. ಬಾಲದ ಗುಂಯ್‌ಗುಟ್ಟುವಿಕೆ ಕಡಿಮೆಯಾಗಿ ಹೊಡೆತ ಸ್ಪಷ್ಟವಾಗುತ್ತದೆ. ಫ್ಲಾಟ್‌ವೂಂಡ್ (ನುಣುಪು ಸುತ್ತಿನ) ಬಿ ಕೂಡ ಹಾಕಿ ನೋಡಿದೆ, ನನ್ನ ಕಿವಿಗೆ ಕಂಬಳಿ ಹೊದಿಸಿದಷ್ಟು ಮಂಕು.

ನಿರೀಕ್ಷಿಸದ ಲಾಭವೂ ಒಂದಾಯಿತು. ನನ್ನ ಬೇಸ್‌ನಲ್ಲಿ ಜಿ ತಂತಿಯ ಐದನೇ ಫ್ರೆಟ್‌ನ ಸಿ ಸತ್ತ ಸ್ವರ, ಮೀಟಿದ ತಕ್ಷಣ ಆರಿಹೋಗುತ್ತಿತ್ತು. ಹೆಡ್‌ಸ್ಟಾಕ್‌ಗೆ ಕ್ಲಾಂಪ್ ಕಚ್ಚಿಸಿದರೆ ಒಂದು ಮನೆ ಸರಿಯುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಈಗ ಆ ಸಿ ಡಿ ತಂತಿಯ ಹತ್ತನೇ ಫ್ರೆಟ್‌ನಲ್ಲಿದೆ, ಅಲ್ಲಿ ಕತ್ತು ಅಷ್ಟು ಅಲುಗಾಡುವುದಿಲ್ಲ. ಸ್ವಲ್ಪ ಸೊರಗಿದೆ, ಆದರೆ ಬದುಕಿದೆ.

ಒಟ್ಟು ಖರ್ಚು? ಒಂದು ಸೆಟ್ ತಂತಿ, ದಂಡವಾದ ಮಜೂರಿ, ಹೊಸ ನಟ್, ಫಿಲ್ಟರ್ ಪೆಡಲ್. ನಾನು ನೋಡಿಟ್ಟಿದ್ದ ಐದು ತಂತಿಯ ಬೇಸ್‌ನ ಬೆಲೆಯಲ್ಲಿ ಹತ್ತನೇ ಒಂದು ಪಾಲು ಮುಟ್ಟಿರಲಾರದು, ಅದರಲ್ಲೂ ದೊಡ್ಡ ಪಾಲು ಪೆಡಲ್‌ದು. ಹಳೇ ನಟ್ ಎಸೆಯಬೇಡಿ, ಬೇಸ್ ಮಾರುವಾಗ ವಾಪಸ್ ಹಾಕಿದರೆ ಬೆಲೆ ಇಳಿಯುವುದಿಲ್ಲ. ಸ್ಲ್ಯಾಪ್ (ಹೆಬ್ಬೆರಳಿಂದ ಬಡಿದು, ಬೆರಳಿಂದ ತಂತಿ ಕೀಳುವ ಶೈಲಿ) ನುಡಿಸುವವರು ಇದರ ಗೋಜಿಗೇ ಹೋಗದಿರುವುದು ಒಳ್ಳೆಯದು. ಕೀಳಲು ಜಿ ಇಲ್ಲದೆ ಅವರಿಗೆ ಕೈ ಕಟ್ಟಿಹಾಕಿದಂತಾಗುತ್ತದೆ. ಮುಂದಿನ ಸಲ 135 ಹಾಕಬೇಕು ಅಂತಿದೆ. ಗಾಡಿ ಮತ್ತೆ ಉಜ್ಜಬೇಕಲ್ಲ ಅಂತ ಮುಂದೂಡುತ್ತಾ ಬಂದಿದ್ದೇನೆ.