ಎತ್ತಿ ನಿಲ್ಲಿಸಬಹುದಾದ ಗಾಡಿ

ಬೈಲಹೊಂಗಲ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋಗುವ ಬಂಡಿದಾರಿ ಅಪ್ಪಟ ಎರೆಮಣ್ಣಿನದು. ಮಳೆಯಾದ ಮರುದಿನ ಆ ಮಣ್ಣು ಟೈರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ಗಿಡಿದು, ಗಾಲಿ ತಿರುಗದಂತೆ ಮಾಡುತ್ತದೆ. ಕೆಲವು ವರ್ಷಗಳ ಹಿಂದೆ ಅಲ್ಲಿಯೇ ನನ್ನ ದೊಡ್ಡ ಬೈಕು ಅಡ್ಡ ಬಿತ್ತು. 190 ಕೆಜಿಗೂ ಹೆಚ್ಚು ತೂಕ. ಪಕ್ಕದ ಹೊಲದಿಂದ ಇಬ್ಬರು ಬಂದು ಕೈಹಚ್ಚಿದ ಮೇಲೆ ಎದ್ದು ನಿಂತಿತು. ಅದನ್ನು ಮಾರಿ, ಹಳೆಯ ಯಮಹಾ ಆರ್‌ಎಕ್ಸ್ 100 ತಂದೆ.

1985ರಿಂದ 1996ರವರೆಗೆ ತಯಾರಾದ ಈ ಗಾಡಿಯ ತೂಕ ಸುಮಾರು 100 ಕೆಜಿ, ಎಂಜಿನ್ 98 ಸಿಸಿ, ಶಕ್ತಿ 11 ಅಶ್ವಶಕ್ತಿಯ ಆಸುಪಾಸು. ಕಾಡುಮೇಡಿಗೆಂದು ಮಾಡಿದ್ದಲ್ಲ. ಆದರೂ ನನಗೆ ಬೇಕಾದ ಗುಣ ಅದರಲ್ಲಿತ್ತು. ಇದರ ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. ಅದಕ್ಕೆ ತಲೆಯಲ್ಲಿ ವಾಲ್ವುಗಳಿಲ್ಲ, ಅವನ್ನು ತೆರೆಯುವ ಕ್ಯಾಮ್‌ಶಾಫ್ಟೂ ಇಲ್ಲ. ಅಷ್ಟು ಸಾಮಾನು ಕಡಿಮೆಯಾದದ್ದೇ ಹಗುರತನ, ಅಷ್ಟೇ ರಿಪೇರಿಯ ಸುಲಭವೂ ಹೌದು.

ನಾನು ಬದಲಿಸಿದ್ದು ಸ್ವಲ್ಪ. ಮುಂದಿನ ಮಡ್‌ಗಾರ್ಡನ್ನು ಟೈರಿನಿಂದ ಒಂದು ಗೇಣು ಮೇಲಕ್ಕೆ ಕೂರಿಸಿದೆ. ಎರೆಮಣ್ಣಿಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಗಟ್ಟಿ ಹಲ್ಲಿನ ಟೈರು, ಅಗಲವಾದ ಹ್ಯಾಂಡಲ್, ಹಿಂದೆ ನಾಲ್ಕು ಹಲ್ಲು ಹೆಚ್ಚಿರುವ ಸ್ಪ್ರಾಕೆಟ್, ಅಂದರೆ ಚೈನಿನ ಹಲ್ಲುಗಾಲಿ. ಓಟ ಕಡಿಮೆಯಾಯಿತು, ಎಳೆತ ಹೆಚ್ಚಿತು. ಸೈಲೆನ್ಸರನ್ನು ಮಾತ್ರ ಮುಟ್ಟಲಿಲ್ಲ. ಅದರ ಹೊಟ್ಟೆಯಲ್ಲಿ ಪುಟಿದು ಬರುವ ಒತ್ತಡದ ಅಲೆಯು, ಉರಿಯದೆ ಹೊರಬಿದ್ದ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಸದ್ದಿಗಾಗಿ ಅದನ್ನು ಕೊಯ್ಯುವ ಹುಡುಗರು ಎಂಜಿನ್ನಿನ ಅರ್ಧ ಉಸಿರನ್ನೇ ಕೊಯ್ಯುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಗಾಡಿ ನನಗೆ ಪಾಠ ಕಲಿಸಿದ್ದು ಬೆಳಗಾವಿಯಿಂದ ಹೋಗುವ ಜಾಂಬೋಟಿ ರಸ್ತೆಯಲ್ಲಿ. ಅಂದು ಬೆಳಿಗ್ಗೆ ಸಿಗ್ನಲ್‌ನಲ್ಲಿ ನಿಂತಾಗ, ಎಕ್ಸಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯಲು ತಡಮಾಡುತ್ತಿತ್ತು. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಐಡ್ಲಿಂಗ್ (ನಿಂತಲ್ಲಿ ಓಡುವ ಎಂಜಿನ್ನಿನ ವೇಗ) ತಗ್ಗಿಸಿ ಮುಂದೆ ಹೊರಟೆ. ಅದೇ ನನ್ನ ತಪ್ಪು. ಜಾಂಬೋಟಿಗೆ ಇನ್ನೂ ದೂರವಿತ್ತು. ಸದ್ದು ಒಮ್ಮೆಲೇ ತೆಳ್ಳಗಾಯಿತು, ಕೀರಲಾಯಿತು. ಮರುಗಳಿಗೆಯಲ್ಲಿ ಹಿಂದಿನ ಚಕ್ರ ಕಚ್ಚಿ ಗಾಡಿ ಜಾರತೊಡಗಿತು. ಕ್ಲಚ್ ಹಿಡಿದದ್ದರಿಂದ ಬೀಳದೆ ಬದಿಗೆ ಬಂದು ನಿಂತೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಸರಿಯಾಗಿ ಉರಿಯುವ ಎಂಜಿನ್ನಿನಲ್ಲಿ ಅದು ಚಹಾದ ಬಣ್ಣಕ್ಕಿರಬೇಕು.

ಬೆಳಗಾವಿಯ ಉದ್ಯಮಬಾಗದ ಲೇತ್ ಶಾಪಿನಲ್ಲಿ ದುಡಿಯುವವನಾದ್ದರಿಂದ ಎಂಜಿನ್ನನ್ನು ಅಲ್ಲಿಗೇ ಒಯ್ದೆ. ಪಿಸ್ಟನ್ನಿನ ಸೈಲೆನ್ಸರ್ ಬದಿಯ ಮೈ ಉಜ್ಜಿ, ಅಲ್ಯೂಮಿನಿಯಂ ಕರಗಿ ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆಗೆ ಬಳಿದುಕೊಂಡಿತ್ತು. ಪಕ್ಕದ ಶಾಪಿನ ಕಾಕಾ ಪಿಸ್ಟನ್ನನ್ನು ಪಕ್ಕಕ್ಕಿಟ್ಟು, ಮ್ಯಾಗ್ನೆಟ್ ಬದಿಯ ಆಯಿಲ್ ಸೀಲನ್ನು ಉಗುರಿನಿಂದ ಒತ್ತಿ ನೋಡಿದರು. ರಬ್ಬರು ಪ್ಲಾಸ್ಟಿಕ್ಕಿನಷ್ಟು ಗಟ್ಟಿಯಾಗಿತ್ತು. "ಗಾಳಿ ಇಲ್ಲಿಂದ ಎಳೆದದೆ, ತಮ್ಮಾ. ಇದನ್ನು ಬಿಟ್ಟು ಬೋರ್ ಮಾಡಿಸಿದರೆ ಮತ್ತೆ ಜಾಮ್ ಆಗುತ್ತದೆ" ಎಂದರು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು, ಗಾಳಿ ಎರಡೂ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯ ಮೂಲಕವೇ ಸಿಲಿಂಡರಿಗೆ ಏರುತ್ತವೆ. ಆ ಪೆಟ್ಟಿಗೆಯನ್ನು ಮುಚ್ಚುವ ಸೀಲು ಸೋರಿದರೆ ಕಳ್ಳಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಶಾಖ ಏರುತ್ತದೆ. ಬೆಳಿಗ್ಗೆ ಎಂಜಿನ್ ಹೇಳಲು ಹೊರಟಿದ್ದು ಅದನ್ನೇ. ಕ್ರ್ಯಾಂಕಿನ ಎರಡೂ ಬದಿಯ ಸೀಲು ಹೊಸದು ಹಾಕಿ, 50 ಮಿಲಿಮೀಟರಿನ ಬೋರನ್ನು ಅರ್ಧ ಮಿಲಿಮೀಟರು ಹಿಗ್ಗಿಸಿ, ಅದಕ್ಕೆ ಹೊಂದುವ ಪಿಸ್ಟನ್ ಕೂರಿಸಿದೆ.

ಆ ಬಳಿಕ ಆಯಿಲ್ ಪಂಪನ್ನೂ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸತೊಡಗಿದೆ: ನಾಲ್ಕು ಲೀಟರಿಗೆ 100 ಮಿಲಿ. ಪಂಪು ಕೆಟ್ಟದ್ದೆಂದಲ್ಲ, ಅದು ಎಷ್ಟು ಆಯಿಲ್ ಬಿಡಬೇಕೆಂದು ನಿರ್ಧರಿಸುವ ಹಳೆಯ ಕೇಬಲ್ಲನ್ನು ನಂಬುವುದಕ್ಕಿಂತ ಕಣ್ಣೆದುರು ಅಳೆದು ಹಾಕಿದರೆ ನನಗೆ ಸಮಾಧಾನ. ಆದರೆ ಇದಕ್ಕೊಂದು ಎಚ್ಚರ ಬೇಕು. ಕಣಕುಂಬಿ ದಾಟಿ ಗೋವಾದ ಕಡೆಗೆ ಚೋರ್ಲಾ ಘಾಟಿನಲ್ಲಿ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಮುಚ್ಚಿಟ್ಟರೆ, ಪೆಟ್ರೋಲಿನ ಜತೆಗೆ ಆಯಿಲೂ ನಿಲ್ಲುತ್ತದೆ, ಪಿಸ್ಟನ್ ಒಣಗುತ್ತದೆ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಲರೇಟರ್ ಕೊಡುತ್ತಿರಬೇಕು. ಎಂಜಿನ್ ತಡೆಯುವ ಬಲವೂ ಕಡಿಮೆ, ನೀರು ಹೊಕ್ಕ ಡ್ರಮ್ ಬ್ರೇಕು ಹಿಡಿಯುವುದೂ ಕಡಿಮೆ. ಮಳೆಗಾಲದಲ್ಲಿ ನಾನು ಆ ಇಳಿಜಾರಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಖಾನಾಪುರದ ಕಡೆ ಹೋದರೂ ಊರಿನ ರಸ್ತೆಗಳಲ್ಲೇ ಓಡಿಸುತ್ತೇನೆ. ಭೀಮಗಡ ಅಭಯಾರಣ್ಯದ ಕಾಲುದಾರಿಗಳು ಕಾಡುಪ್ರಾಣಿಗಳಿಗೆ ಸೇರಿದವು, ಈ ಸದ್ದು ಅಲ್ಲಿಗೆ ಹೋಗಬಾರದು.

ದಿನವೂ ಹುಬ್ಬಳ್ಳಿಗೆ ಓಡಾಡುವವರು, ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಳ್ಳುವವರು, ಪೆಟ್ರೋಲಿನ ಲೆಕ್ಕ ಇಡುವವರು ಇದನ್ನು ಕೊಳ್ಳಬಾರದು. 15 ವರ್ಷ ದಾಟಿದ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಕಾಗದಪತ್ರ ಸರಿಯಿಲ್ಲದ್ದನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಡಿ. ಹತ್ತಿಪ್ಪತ್ತು ಕಿಲೋಮೀಟರಿನ ಕೆಟ್ಟ ದಾರಿ, ಒಬ್ಬರೇ ಸವಾರಿ, ಕೈಯಲ್ಲಿ ಪಾನಾ ಹಿಡಿಯುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ.

ಕಳೆದ ಮುಂಗಾರಿನಲ್ಲಿ ತಂಗಿಯ ಮಗಳು ಅದೇ ಬಂಡಿದಾರಿಯಲ್ಲಿ ಇದನ್ನು ಕೆಡವಿಕೊಂಡಳು. ನಾನು ಬದುವಿನ ಮೇಲಿಂದ ಓಡಿ ಬರುವಷ್ಟರಲ್ಲಿ ಹ್ಯಾಂಡಲ್ ಹಿಡಿದು, ಸೀಟಿಗೆ ಸೊಂಟ ಕೊಟ್ಟು, ಒಬ್ಬಳೇ ಎತ್ತಿ ನಿಲ್ಲಿಸಿದ್ದಳು. ಮೂರನೆಯ ಒದೆತಕ್ಕೆ ಎಂಜಿನ್ ಹತ್ತಿಕೊಂಡಿತು. ಸಂಜೆ ಮನೆಗೆ ಬಂದವಳು, "ಮಾಮಾ, ಆಯಿಲ್ ಎಷ್ಟು ಹಾಕಬೇಕು, ತೋರಿಸಿರಿ" ಎಂದಳು. ಒಂದು ಬಾಟಲಿಯ ಮೇಲೆ 100 ಮಿಲಿಗೆ ಗೆರೆ ಎಳೆದು ಅವಳ ಕೈಗೆ ಕೊಟ್ಟಿದ್ದೇನೆ.