ಗೊರಬಲು ಎಲ್ಲಿ ಹೋಯ್ತು?

ಸಾಗರದ ಹತ್ತಿರ ಚಿಕ್ಕಪ್ಪನ ಅಡಿಕೆ ತೋಟವಿದೆ. ಸಂಜೆಯಾದರೆ ಅವರ ಫೋನ್: “ಇವತ್ತು ಶಿವಮೊಗ್ಗದಲ್ಲಿ ರಾಶಿ ಎಷ್ಟಂತೆ, ನೋಡಿ ಹೇಳೋ.” ರಾಶಿ, ಬೆಟ್ಟೆ, ಸರಕು, ಗೊರಬಲು ಇವೆಲ್ಲ ಮಾರುಕಟ್ಟೆಯಲ್ಲಿ ಅಡಿಕೆಯ ಬಗೆಗಳು. ದಿನಾ ನೋಡಿ ಹೇಳಿ ಸಾಕಾಗಿ, ಮಾರುಕಟ್ಟೆ ದರದ ಪುಟದಿಂದ ಬೇಕಾದ ಸಾಲಷ್ಟನ್ನೇ ಎತ್ತಿ ಅವರಿಗೆ ಮೆಸೇಜ್ ಕಳಿಸುವ ಪಿಎಚ್‌ಪಿ ಭಾಷೆಯ ಪುಟ್ಟ ಪ್ರೋಗ್ರಾಂ ಬರೆದೆ.

ಮೊದಲು ವೆಬ್ ಪುಟ ಇಳಿಸುವ ಕರ್ಲ್‌ನಲ್ಲಿ ಪುಟ ತಂದು, ಅಕ್ಷರಗಳ ವಿನ್ಯಾಸ ನೋಡಿ ಪಠ್ಯ ಹುಡುಕುವ ರೆಜೆಕ್ಸ್ ಹಾಕಿದ್ದೆ. ಟೇಬಲ್ಲಿನ ಒಂದೊಂದು ಮನೆಯನ್ನು ಗುರುತಿಸುವ ಟಿಡಿ ಟ್ಯಾಗಿಗೆ ಯಾರೋ ಕ್ಲಾಸ್ ಎಂಬ ಹೆಚ್ಚುವರಿ ಗುರುತು ಸೇರಿಸಿದ್ದೇ ತಡ, ಎಲ್ಲ ಖಾಲಿ. ಎಚ್‌ಟಿಎಂಎಲ್‌ಗೆ ರೆಜೆಕ್ಸ್ ಹಚ್ಚುವ ಚಪಲ ಅಲ್ಲಿಗೆ ಮುಗಿಯಿತು. ಪುಟದ ರಚನೆಯನ್ನೇ ಓದುವ ಪಿಎಚ್‌ಪಿಯ ಡಾಮ್‌ಡಾಕ್ಯುಮೆಂಟ್‌ಗೆ ಬಂದು, “ಗರಿಷ್ಠ” ಎಂಬ ತಲೆಬರಹ ಎಷ್ಟನೇ ಕಾಲಂ ಎಂದು ಆ ರಚನೆಯೊಳಗೆ ಹುಡುಕುವ ಎಕ್ಸ್‌ಪಾತ್‌ನಿಂದ ಹುಡುಕಿಸಿದೆ. ಕನ್ನಡದ ಜಾಗದಲ್ಲಿ ತಲೆಮೇಲೆ ಗೆರೆ ಹೊತ್ತ ಇಂಗ್ಲಿಷ್ ‘ಎ’ಗಳ ಮೆರವಣಿಗೆ ಬಂತು! ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಟ್ಟ ಬಗೆ, ಅಂದರೆ ಎನ್‌ಕೋಡಿಂಗ್, ಪುಟದೊಳಗೆ ಹೇಳಿರದಿದ್ದರೆ ಡಾಮ್‌ಡಾಕ್ಯುಮೆಂಟ್ ಅದನ್ನು ಯುರೋಪಿನ ಲಿಪಿಯ ಲ್ಯಾಟಿನ್-1 ಅಂದುಕೊಂಡು ಓದುತ್ತದೆ. ಇದು ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಎನ್ನುವ ಒಂದು ಎಕ್ಸ್‌ಎಂಎಲ್ ಸಾಲನ್ನು ಮುಂದೆ ಅಂಟಿಸಿದ ಮೇಲೆ ಸರಿಹೋಯಿತು.

ಮರುದಿನ ಚಿಕ್ಕಪ್ಪನ ಫೋನ್. “ಎಂತದು ಮಾರಾಯ, ರಾಶಿ ಕ್ವಿಂಟಾಲಿಗೆ ನಲವತ್ತೆಂಟು ರೂಪಾಯಿಯಾ?” ಪುಟದಲ್ಲಿದ್ದದ್ದು 48,599. ಪಿಎಚ್‌ಪಿಯಲ್ಲಿ ಅದನ್ನು ನೇರ ಪೂರ್ಣಾಂಕ ಮಾಡಿದರೆ ಅಲ್ಪವಿರಾಮದ ಹತ್ತಿರವೇ ನಿಂತುಬಿಡುತ್ತದೆ.

ತಲೆ ತಿಂದದ್ದು ಮಾತ್ರ ಗೊರಬಲು. ರಾಶಿ, ಬೆಟ್ಟೆ, ಸರಕು ಮೂರೂ ಬರುತ್ತಿದ್ದವು, ಇದೊಂದು ಇಲ್ಲ. ನನ್ನ ಕೋಡಿನ ಪದ, ಪುಟದ ಪದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡನ್ನೂ ಹೆಕ್ಸ್‌ನಲ್ಲಿ, ಅಂದರೆ ಒಂದೊಂದು ಬೈಟೂ ಕಾಣುವಂತೆ, ಪ್ರಿಂಟ್ ಮಾಡಿದಾಗ ಗುಟ್ಟು ರಟ್ಟಾಯಿತು: ನನ್ನ ‘ಗೊ’ 6 ಬೈಟ್, ಅವರ ‘ಗೊ’ 9 ಬೈಟ್. ನಾನು ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆದಿದ್ದೆ. ಅವರಲ್ಲಿ ಎತ್ವ, ಊತ್ವ ಎರಡನ್ನು ಜೋಡಿಸಿ ಮಾಡಿದ್ದಾಗಿತ್ತು. ಯೂನಿಕೋಡ್‌ನಲ್ಲಿ ಎರಡೂ ಸರಿಯೇ. ‘ಕೀ, ಕೇ, ಕೈ, ಕೊ, ಕೋ’ ಐದರ ಸ್ವರಚಿಹ್ನೆಗೂ ಹೀಗೆ ಬಿಡಿಸಿ ಬರೆಯುವ ರೂಪವಿದೆ. ಉಳಿದ ಮೂರು ಹೆಸರುಗಳಲ್ಲಿ ಇವು ಯಾವುವೂ ಇಲ್ಲದ್ದಕ್ಕೆ ಬಚಾವಾಗಿದ್ದವು. ಈಗ ಹೋಲಿಸುವ ಮೊದಲು ಎರಡೂ ಕಡೆಯ ಪದವನ್ನು ಪಿಎಚ್‌ಪಿಯ ನಾರ್ಮಲೈಜರ್‌ಗೆ ಕೊಟ್ಟು, ಬಿಡಿಸಿ ಬರೆದದ್ದನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತರುತ್ತೇನೆ.

ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್ ಇದನ್ನು ಸಂಜೆ ಒಮ್ಮೆ ಮಾತ್ರ ಓಡಿಸುತ್ತದೆ. ಇನ್ನೊಬ್ಬರ ಸರ್ವರ್‌ನ ಬಾಗಿಲು ಅದಕ್ಕಿಂತ ಹೆಚ್ಚು ಬಡಿಯುವ ಅಗತ್ಯವಿಲ್ಲ. ಮೊನ್ನೆ ಚಿಕ್ಕಪ್ಪ, “ಕಾಳುಮೆಣಸಿನದ್ದೂ ಸೇರ್ಸೋ” ಅಂದರು. ಅವರು ಹೇಳಿದ ಕಡೆ ಹೋಗಿ ನೋಡಿದೆ. ದರಪಟ್ಟಿ ಇರುವುದು ಸ್ಕ್ಯಾನ್ ಮಾಡಿದ ಚಿತ್ರದಲ್ಲಿ.