ಡಾಂಬರಿಗೂ ಜಲ್ಲಿ ದಾರಿಗೂ ಒಂದೇ ಜೋಡಿ: ಅಗಲದ ಮೃದು ಟೈರ್ ಆರಿಸುವುದು ಹೇಗೆ?

ಚಿಕ್ಕಬಳ್ಳಾಪುರದ ಸುತ್ತ ಸೈಕಲ್ ತುಳಿಯುವವರಿಗೆ ಒಂದೇ ಬೆಳಗಿನಲ್ಲಿ ಮೂರು ಬಗೆಯ ದಾರಿ ಸಿಗುತ್ತದೆ. 44ನೇ ರಾಷ್ಟ್ರೀಯ ಹೆದ್ದಾರಿಯ ನುಣುಪು ಡಾಂಬರು, ಜಲ್ಲಿ ಎದ್ದ ಹಳ್ಳಿ ರಸ್ತೆ, ದ್ರಾಕ್ಷಿ ತೋಟಗಳ ನಡುವಿನ ಕೆಂಪು ಮಣ್ಣಿನ ಜಾಡು. ಆದರೂ ಬಹಳ ಜನ 25 ಮಿ.ಮೀ. ಟೈರಿಗೆ 110 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹೊಡೆಸಿಕೊಂಡು ಹೊರಡುತ್ತಾರೆ. ಶಿಡ್ಲಘಟ್ಟ ಮುಟ್ಟುವಷ್ಟರಲ್ಲಿ ಅಂಗೈ ಜೋಮು ಹಿಡಿದಿರುತ್ತದೆ. ಇನ್ನು ಕೆಲವರು ಅಗಲವಾಗಿದ್ದರೆ ಸಾಕೆಂದು ದಪ್ಪ ರಬ್ಬರಿನ ಟೈರ್ ಕೊಂಡು, ಸೈಕಲ್ ಓಡುವುದೇ ಇಲ್ಲವೆಂದು ಬೇಸತ್ತು ಹಳೆಯ ತೆಳು ಟೈರಿಗೇ ಮರಳುತ್ತಾರೆ. ಅಗಲ ಮತ್ತು ಮೃದುತನ ಎರಡೂ ಒಟ್ಟಿಗೆ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಂಡರೆ ಹಣ ದಂಡ.

ಕಾರಣ ಸರಳ. ಚಕ್ರ ಉರುಳುವಾಗ ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಟೈರಿನ ಪಕ್ಕದ ಗೋಡೆ ದಪ್ಪವಾದಷ್ಟೂ ಹಾಗೆ ಬಾಗುವುದರಲ್ಲೇ ನಿಮ್ಮ ಶಕ್ತಿ ಸೋರುತ್ತದೆ. ಒರಟು ದಾರಿಯಲ್ಲಿ ಇನ್ನೊಂದು ನಷ್ಟವೂ ಇದೆ: ಗಟ್ಟಿ ಟೈರ್ ಸವಾರನನ್ನೇ ಕುಲುಕುತ್ತದೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಮೈಯೊಳಗೆ ಸತ್ತುಹೋಗುತ್ತದೆ. ನುಣುಪಾದ ಉಕ್ಕಿನ ಉರುಳೆಯ ಮೇಲೆ ಪರೀಕ್ಷಿಸಿದಾಗ ಈ ಎರಡನೆಯ ನಷ್ಟ ಕಾಣುವುದೇ ಇಲ್ಲ. ಅಮೆರಿಕದ ಸೈಕಲ್ ಪತ್ರಿಕೆಯೊಂದರ ಸಂಪಾದಕ ಯಾನ್ ಹೈನ ಮತ್ತು ಅವರ ಸಂಗಡಿಗರು ನಿಜವಾದ ರಸ್ತೆಯ ಮೇಲೆ ಟೈರ್‌ಗಳನ್ನು ಓಡಿಸಿ ನೋಡಿ ಇದನ್ನು ಎತ್ತಿ ತೋರಿಸಿದರು. 23 ಮಿ.ಮೀ. ಬಿಟ್ಟರೆ ಬೇರೆ ಮುಟ್ಟದಿದ್ದ ವೃತ್ತಿಪರ ಸ್ಪರ್ಧಿಗಳೂ ಈಗ 28 ಮತ್ತು ಅದಕ್ಕೂ ಅಗಲದ ಟೈರಿಗೆ ಬಂದಿದ್ದಾರೆ.

ಮೊದಲ ಹೆಜ್ಜೆ, ಈಗಿರುವ ಟೈರಿನ ಮಗ್ಗುಲಲ್ಲಿರುವ ಸಂಖ್ಯೆ ಓದುವುದು. ‘28-622’ ಎಂಬಂತೆ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರ್ ಕೂರುವ ರಿಮ್ಮಿನ ವ್ಯಾಸ, ಎರಡೂ ಮಿ.ಮೀ. ಲೆಕ್ಕ. ಅಂಗಡಿಯವರು ಹೇಳುವ 700ಸಿ, 29 ಇಂಚು ಎರಡೂ 622, 27.5 ಇಂಚು ಮತ್ತು 650ಬಿ ಎರಡೂ 584. ಅಂಗಡಿಯಲ್ಲಿ ಇಂಚಿನ ಲೆಕ್ಕ ಹೇಳಬೇಡಿ. ಹಳೆಯ ಕಾಲದ ಕರಿ ಸೈಕಲ್ಲಿನ 28 ಇಂಚಿನ ಟೈರ್ 635ರದು, ನಿಮ್ಮ 700ಸಿ ರಿಮ್ಮಿಗಿಂತ 13 ಮಿ.ಮೀ. ದೊಡ್ಡದು. ಅದನ್ನು ಹೇಗೋ ಹಾಕಿಕೊಡುತ್ತೇನೆ ಎನ್ನುವವರ ಹತ್ತಿರ ನಿಲ್ಲಲೇಬೇಡಿ.

ಎರಡನೆಯದು, ನಿಮ್ಮ ಸೈಕಲ್ಲಿನಲ್ಲಿ ಎಷ್ಟು ಅಗಲಕ್ಕೆ ಜಾಗವಿದೆ ಎಂದು ಅಳೆಯುವುದು. ಜನ ಎಡವುವುದು ಇಲ್ಲೇ. ಕಣ್ಣಳತೆಯಲ್ಲಿ ‘ಹಿಡಿಯುತ್ತದೆ’ ಎಂದುಕೊಂಡು 40 ಮಿ.ಮೀ. ತರಿಸಿಕೊಳ್ಳುತ್ತಾರೆ. ಚಕ್ರ ತಿರುಗುತ್ತದೆ, ಸಂತೋಷವಾಗುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದಾಗ ಚಕ್ರ ಪಕ್ಕಕ್ಕೆ ವಾಲಿ ಫ್ರೇಮಿಗೆ ತಾಗುತ್ತದೆ. ಟೈರಿಗೆ ಅಂಟಿದ ಮರಳು ಅಲ್ಯೂಮಿನಿಯಂ ಅಥವಾ ಕಾರ್ಬನ್ ಕೊಳವೆಯನ್ನು ಅರದಂತೆ ಉಜ್ಜಿ ತಿನ್ನುತ್ತದೆ. ಟೈರ್ ಹೋದರೆ ಇನ್ನೊಂದು ಕೊಳ್ಳಬಹುದು, ಫ್ರೇಮ್ ಹೋದರೆ ಸೈಕಲ್ಲೇ ಹೋಯಿತು.

ಅಳೆಯಲು ಮನೆಯಲ್ಲಿರುವ ಅಲೆನ್ ಕೀ ಗೊಂಚಲೇ ಸಾಕು. ಚಕ್ರ ಜಾಗದಲ್ಲಿರಲಿ, ಗಾಳಿ ಪೂರ್ತಿ ಇರಲಿ. ಒಂದೊಂದೇ ಕೀಯನ್ನು ಟೈರಿಗೂ ಫ್ರೇಮಿಗೂ ನಡುವೆ ತೂರಿಸಿ ನೋಡಿ: 4, 5, 6, 8, 10 ಮಿ.ಮೀ. ತಡೆಯಿಲ್ಲದೆ ಹೋಗುವ ಅತಿ ದಪ್ಪ ಕೀಯೇ ನಿಮ್ಮ ಸಂದು. ಪೆಡಲ್ ಅಚ್ಚಿನ ಹಿಂದೆ ಎರಡು ಕೊಳವೆ ಚಕ್ರವನ್ನು ಅಪ್ಪಿಕೊಂಡಂತಿರುವ ಜಾಗ ಸಾಮಾನ್ಯವಾಗಿ ಎಲ್ಲಕ್ಕಿಂತ ಇಕ್ಕಟ್ಟು. ಅಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳೆಯಿರಿ. ಆಮೇಲೆ ಸೀಟಿನ ಕೊಳವೆ, ಮುಂದಿನ ಫೋರ್ಕಿನ ಮೇಲ್ಭಾಗ, ಬ್ರೇಕಿನ ಕಮಾನು, ಮಡ್‌ಗಾರ್ಡ್ ಇದ್ದರೆ ಅದರ ಒಳಮೈ. ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತ ಅಳೆಯಬೇಕು. ರಿಮ್ ಅಲ್ಪಸ್ವಲ್ಪ ಓಲಾಡುತ್ತಿದ್ದರೆ ಅತಿ ಇಕ್ಕಟ್ಟಾದ ಕ್ಷಣವೇ ಲೆಕ್ಕಕ್ಕೆ.

ಈಗ ಲೆಕ್ಕ. ಈಗಿನ ಟೈರಿನ ಅಗಲ ವರ್ನಿಯರ್ ಅಳತೆಗೋಲಿನಲ್ಲಿ ಅಳೆದಾಗ 28 ಬಂತು, ಎರಡೂ ಬದಿಯಲ್ಲಿ 9 ಮಿ.ಮೀ. ಸಂದು ಇದೆ ಎನ್ನೋಣ. ಒಂದೊಂದು ಬದಿಗೂ ಕನಿಷ್ಠ 4 ಮಿ.ಮೀ. ಖಾಲಿ ಬಿಡಿ. ಉಳಿದದ್ದು 5 ಮತ್ತು 5, ಅಂದರೆ 38ರ ಟೈರ್ ಹಿಡಿಯುತ್ತದೆ. ಆದರೆ ಅಗಲ 10 ಹೆಚ್ಚಿದರೆ ಟೈರಿನ ಎತ್ತರವೂ ಸುಮಾರು ಅಷ್ಟೇ ಏರುತ್ತದೆ. ಫೋರ್ಕಿನ ಕೆಳಗೆ 14 ಮಿ.ಮೀ. ಇಲ್ಲದಿದ್ದರೆ 38ರ ಆಸೆ ಬಿಡಿ. ಮಳೆಗಾಲದಲ್ಲಿ ಹಿಪ್ಪುನೇರಳೆ ತೋಟದ ಬದಿಯ ಮಣ್ಣಿನಲ್ಲಿ ಓಡಿಸುವವರು 4ರ ಬದಲು 6 ಬಿಡಬೇಕು. ಆ ಮಣ್ಣು ಚಿಕ್ಕ ಕಲ್ಲನ್ನೂ ಒಣ ಎಲೆಯನ್ನೂ ಸೇರಿಸಿಕೊಂಡು ಟೈರಿಗೆ ಮೆತ್ತುತ್ತದೆ.

ಟೈರಿನ ಮೇಲೆ ಬರೆದ ಅಗಲವನ್ನೂ ಹಾಗೇ ನಂಬಬೇಡಿ. ಅದೇ ಟೈರ್ ಅಗಲದ ರಿಮ್ಮಿನ ಮೇಲೆ ಹೆಚ್ಚು ಅರಳುತ್ತದೆ, ಕಿರಿದಾದ ರಿಮ್ಮಿನ ಮೇಲೆ ಕಡಿಮೆ. ಗಾಳಿ ತುಂಬಿದ ಒಂದೆರಡು ದಿನದಲ್ಲಿ ಇನ್ನೂ ಸ್ವಲ್ಪ ಹಿಗ್ಗುತ್ತದೆ.

ಜಾಗವೇ ಸಾಲದವರಿಗೆ, ಡಿಸ್ಕ್ ಬ್ರೇಕ್ ಇದ್ದರೆ ಒಂದು ದಾರಿಯುಂಟು: ಚಕ್ರವನ್ನೇ 584ಕ್ಕೆ ಬದಲಿಸುವುದು. 584ರ ಮೇಲೆ 47 ಮಿ.ಮೀ. ಟೈರ್ ಹಾಕಿದರೆ ಒಟ್ಟು ವ್ಯಾಸ 622ರ ಮೇಲಿನ 28ಕ್ಕೆ ಸಮ. ಬದಿಯ ಸಂದನ್ನು ಮಾತ್ರ ಹೊಸದಾಗಿ ಅಳೆಯಬೇಕು.

ಮೂರನೆಯದು, ಮೃದುತನ. ಡಬ್ಬದ ಮೇಲಿನ ಹೊಗಳಿಕೆ ಓದುವುದಕ್ಕಿಂತ ಟೈರನ್ನು ಕೈಗೆ ತೆಗೆದುಕೊಳ್ಳಿ. ಗೋಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಿದರೆ ಅದು ಒಗೆದು ಹಳತಾದ ಪಂಚೆಯಂತೆ ಮಡಚಿಕೊಳ್ಳಬೇಕು. ಪುಟಿದು ನಿಂತರೆ ವಾಪಸ್ ಕೊಡಿ. ಟಿಪಿಐ ಎಂದರೆ ಒಂದು ಇಂಚಿಗೆ ಎಷ್ಟು ಎಳೆ ನೂಲು ಎಂದು. 60ಕ್ಕಿಂತ 120 ಒಳ್ಳೆಯದು, ಆದರೆ ಪದರಗಳನ್ನು ಕೂಡಿಸಿ ದೊಡ್ಡ ಸಂಖ್ಯೆ ಹಾಕುವ ಕಂಪನಿಗಳೂ ಇವೆ, ಬೆರಳೇ ಸಾಕ್ಷಿ. ತಂತಿ ಅಂಚಿನದು ಬೇಡ, ಮಡಚುವ ಅಂಚಿನದು ತೆಗೆದುಕೊಳ್ಳಿ. ‘ಪಂಕ್ಚರ್ ಆಗುವುದೇ ಇಲ್ಲ’ ಎಂದು ಒಳಗೆ ದಪ್ಪ ಪಟ್ಟಿ ಹಾಕಿದ ಟೈರ್‌ಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಟೈರಿನ ಮೇಲ್ಮೈಯ ಹಲ್ಲು, ಅಂದರೆ ಉಬ್ಬುಗಳು? ಡಾಂಬರು ಮತ್ತು ಗಟ್ಟಿ ಮಣ್ಣಿಗೆ ನುಣುಪು ಟೈರೇ ಸರಿ. ಬಿಡಿ ಜಲ್ಲಿಯಲ್ಲಿ ಕಲ್ಲುಗಳೇ ಒಂದರ ಮೇಲೊಂದು ಜಾರುವುದರಿಂದ ಹಲ್ಲಿಗಿಂತ ಅಗಲ ಹೆಚ್ಚು ಕೆಲಸ ಮಾಡುತ್ತದೆ. ಕೆಸರಿಗೆ ಮಾತ್ರ ಹಲ್ಲು ಬೇಕು.

ಗಾಳಿಯ ವಿಷಯ. ಸೈಕಲ್ ತಜ್ಞ ಫ್ರಾಂಕ್ ಬರ್ಟೊ ಹೇಳಿದ ಅಳತೆ ಇಂದಿಗೂ ಒಳ್ಳೆಯ ಆರಂಭ: ಸವಾರ ಕೂತಾಗ ಟೈರಿನ ಎತ್ತರ ಶೇ 15ರಷ್ಟು ಕುಸಿಯಬೇಕು. 70 ಕೆ.ಜಿ. ತೂಕದವರು 38ರ ಟೈರಿಗೆ ಹಿಂದೆ 42–45, ಮುಂದೆ 36–38 ಪಿಎಸ್‌ಐನಿಂದ ಶುರು ಮಾಡಲಿ. 32ರ ಟೈರಿಗೆ ಹಿಂದೆ 55–60, ಮುಂದೆ 45–50. ಭಾರ ಹಿಂದೆ ಹೆಚ್ಚು ಬೀಳುವುದರಿಂದ ಎರಡೂ ಚಕ್ರಕ್ಕೆ ಒಂದೇ ಒತ್ತಡ ತಪ್ಪು. ರಿಮ್ ನೆಲಕ್ಕೆ ಬಡಿದರೆ 3 ಏರಿಸಿ, ಮುಂಗೈ ನಡುಗಿದರೆ 3 ಇಳಿಸಿ. ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ ಮೀರಬಾರದ ಗಡಿ, ಮುಟ್ಟಬೇಕಾದ ಗುರಿಯಲ್ಲ.

ಜಾಲಿ ಮುಳ್ಳಿಗೆ ಮೃದು ಟೈರ್ ಬೇಗ ಸೋಲುತ್ತದೆ, ನಿಜ. ಕೆರೆ ಏರಿಯ ಮೇಲೆ ಹೆಚ್ಚು ಓಡಿಸುವವರಿಗೆ ಟ್ಯೂಬ್‌ಲೆಸ್ ಮತ್ತು ಒಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಒಳ್ಳೆಯದು. ರಿಮ್ ಮತ್ತು ಟೈರ್ ಎರಡೂ ಟ್ಯೂಬ್‌ಲೆಸ್‌ಗೆ ಮಾಡಿದವೇ ಆಗಿರಬೇಕು. ನಮ್ಮ ಬೇಸಿಗೆಯಲ್ಲಿ ದ್ರವ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಹಾಕಿ. ಟ್ಯೂಬ್ ಬಳಸುವವರು ಮುಳ್ಳು ಕಿತ್ತ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುರಿದ ತುದಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡೇ ಹೊಸ ಟ್ಯೂಬ್ ಹಾಕಲಿ. ಕಲ್ಲಿನ ಚೂರಿಗೆ ಗೋಡೆ ಸೀಳಿದರೆ ಒಳಗಿನಿಂದ ಒತ್ತಿಡಲು ಹಳೆಯ ಟೈರಿನ ಒಂದು ತುಂಡು ಚೀಲದಲ್ಲಿರಲಿ. ತೆಳು ಪ್ರೆಸ್ಟಾ ವಾಲ್ವ್ ಇದ್ದವರು ಹಿತ್ತಾಳೆಯ ಪುಟ್ಟ ಅಡಾಪ್ಟರ್ ಇಟ್ಟುಕೊಳ್ಳಬೇಕು, ಅದಿಲ್ಲದೆ ಹಳ್ಳಿಯ ಪಂಕ್ಚರ್ ಅಂಗಡಿಯ ಪೈಪು ಕೂರುವುದಿಲ್ಲ. ಕೂತರೂ ಆ ಕಂಪ್ರೆಸರ್ ಲಾರಿ ಟೈರಿಗಾಗಿ ಇಟ್ಟದ್ದು. ಒಂದೆರಡು ಚಿಟಿಕೆ ಗಾಳಿ ಹಾಕಿಸಿಕೊಂಡು ಉಳಿದದ್ದನ್ನು ಕೈಪಂಪಿನಲ್ಲೇ ತುಂಬಿ.